ಕಾಯಲಾರದವರ ಲೆಕ್ಕ: ನಿರುದ್ಯೋಗ ದರ ಮತ್ತು ಪಿರಿಯಾಪಟ್ಟಣ ಸೀಮೆಯ ದುಡಿಮೆ



ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ ನಿರುದ್ಯೋಗ ದರ ಶೇ 3.2. ಕರ್ನಾಟಕದ್ದು ಅದಕ್ಕೂ ಕಡಿಮೆ, ಶೇ 3ರ ಒಳಗೇ. 2017-18ರಲ್ಲಿ, ಇದೇ ಸಮೀಕ್ಷೆಯ ಮೊದಲ ವರದಿಯಲ್ಲಿ, ದೇಶದ ದರ ಶೇ 6ರಷ್ಟಿತ್ತು. ಆರು ವರ್ಷಗಳಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಶ್ರೀಮಂತ ದೇಶಗಳಲ್ಲಿ ದರ ಈ ಮಟ್ಟಕ್ಕೆ ಬಂದರೆ ಅಲ್ಲಿಯ ಅರ್ಥಶಾಸ್ತ್ರಜ್ಞರು ಪೂರ್ಣ ಉದ್ಯೋಗದ ಮಾತೆತ್ತುತ್ತಾರೆ; ಆಳು ಸಿಗದೆ ಕೂಲಿ ಏರೀತು, ಕೂಲಿಯ ಹಿಂದೆ ಬೆಲೆಯೂ ಏರೀತು ಎಂದು ಕೇಂದ್ರ ಬ್ಯಾಂಕುಗಳು ಚಿಂತೆಗೆ ಬೀಳುತ್ತವೆ.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಪೂರ್ಣ ಉದ್ಯೋಗವನ್ನು ಹುಡುಕಿ ಹೊರಟವರಿಗೆ ಒಂದರ್ಥದಲ್ಲಿ ಅದು ಸಿಕ್ಕೇ ಸಿಗುತ್ತದೆ. ಇಲ್ಲಿ ಸುಮ್ಮನೆ ಕೂತವರು ಕಡಿಮೆ. ಕೊಡಗಿನ ಕಾಫಿ ತೋಟಗಳಿಗೆ ಆಳು ತುಂಬಿಕೊಂಡು ಹೋಗುವ ಜೀಪುಗಳು ಬೆಳಕು ಹರಿಯುವ ಮುನ್ನವೇ ಹೊರಡುತ್ತವೆ. ಗುತ್ತಿಗೆಗೆ ಕೊಟ್ಟ ಹೊಲಗಳಲ್ಲಿ ಶುಂಠಿಯ ಕಳೆ ಕೀಳುವವರಿದ್ದಾರೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಮುಂದೆ ರಾತ್ರಿಯಿಡೀ ಉರಿ ನೋಡಿಕೊಳ್ಳುವವರಿದ್ದಾರೆ. ಎಲ್ಲರೂ ಉದ್ಯೋಗಿಗಳೇ. ಹೀಗಿದ್ದೂ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ, ಮೈಕ್ರೋಫೈನಾನ್ಸ್ ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅದಕ್ಕೂ ಮುಂಚಿನ ವಾರಗಳಲ್ಲಿ, ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಚಾಮರಾಜನಗರ, ನಂಜನಗೂಡು ಕಡೆಯ ಹಳ್ಳಿಗಳಿಂದ ಪತ್ರಿಕೆಗಳಿಗೆ ಬರುತ್ತಲೇ ಇತ್ತು. ಊರು ಬಿಟ್ಟವರಲ್ಲಿ ನಿರುದ್ಯೋಗಿಗಳೆಷ್ಟು ಎಂದು ಸಮೀಕ್ಷೆಯ ಪ್ರಶ್ನಾವಳಿ ಹಿಡಿದು ಕೇಳಿದ್ದರೆ ಉತ್ತರ ಸೊನ್ನೆಯ ಆಸುಪಾಸಿನಲ್ಲೇ ಇರುತ್ತಿತ್ತು.

ಅಂಕಿ ಸುಳ್ಳೆಂದು ಹೇಳುವುದು ಈ ಉಪನ್ಯಾಸದ ಉದ್ದೇಶವಲ್ಲ. ಅಂಕಿ ನಿಜವೇ. ಅದು ಯಾವ ಪ್ರಶ್ನೆಗೆ ಕೊಟ್ಟ ಉತ್ತರ ಎಂಬುದನ್ನು ನಾವು ಮರೆತಿದ್ದೇವೆ, ಅಷ್ಟೆ. ಸಣ್ಣ ಹಿಡುವಳಿ, ದಿನಗೂಲಿ ಮತ್ತು ಕೈಸಾಲದ ಮೇಲೆ ನಡೆಯುವ ಇಂಥ ಸೀಮೆಯಲ್ಲಿ ನಿರುದ್ಯೋಗ ದರವು ಕೆಲಸದ ಕೊರತೆಗಿಂತ ಹೆಚ್ಚಾಗಿ, ತಕ್ಕ ಕೆಲಸ ಸಿಗುವವರೆಗೆ ಕಾಯುವ ತ್ರಾಣ ಎಷ್ಟು ಜನಕ್ಕಿದೆ ಎಂಬುದನ್ನು ಅಳೆಯುತ್ತದೆ. ಕಾಯಲಾರದವರು ಸಿಕ್ಕಿದ್ದನ್ನು ಮಾಡುತ್ತಾರೆ. ಮಾಡಿದ ಕೂಡಲೇ ಅವರು ಆ ದರದಿಂದ ಹೊರಗೆ.

ಅಂಕಿ ಹುಟ್ಟುವ ಬಗೆಯನ್ನು ತುಸು ನಿಧಾನವಾಗಿ ನೋಡಬೇಕು. ಮೊದಲ ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ದೇಶದಲ್ಲಿ ಇಷ್ಟು ಲಕ್ಷ ನಿರುದ್ಯೋಗಿಗಳು ಉಳಿದಿದ್ದಾರೆ ಎಂದು ಒಂದೇ ಮೊತ್ತ ಹೇಳುವ ಪದ್ಧತಿಯಿತ್ತು. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರದಕ್ಕೂ ತಾಳೆಯಾಗುತ್ತಿರಲಿಲ್ಲ. ಯೋಜನಾ ಆಯೋಗ ಎಂ.ಎಲ್. ದಾಂತವಾಲಾ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. 1970ರ ಆ ಸಮಿತಿಯ ವರದಿ ಇಂದಿಗೂ ಓದತಕ್ಕದ್ದು. ಬಹುಪಾಲು ಜನ ಸ್ವಂತ ಹೊಲದಲ್ಲೋ ಮನೆಯ ಕಸುಬಿನಲ್ಲೋ ತೊಡಗಿರುವ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಸಂಖ್ಯೆಗೆ ಇಳಿಸುವುದು ಸರಿಯಲ್ಲ, ಅಳತೆಗಳು ಹಲವು ಇರಬೇಕು ಎಂಬುದು ಅದರ ತಿರುಳು. ಅದರ ಫಲವಾಗಿ 1972-73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 27ನೇ ಸುತ್ತಿನಿಂದ ಮೂರು ಅಳತೆಗೋಲುಗಳು ಬಳಕೆಗೆ ಬಂದವು.

ಮೊದಲನೆಯದು ವರ್ಷದ ಲೆಕ್ಕ. ಕಳೆದ 365 ದಿನಗಳಲ್ಲಿ ಹೆಚ್ಚಿನ ಕಾಲ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಹೆಚ್ಚಿನ ಕಾಲ ಕೆಲಸವಿಲ್ಲದೆ ಹುಡುಕುತ್ತಿದ್ದರೂ, ಉಪಕಸುಬಾಗಿ ವರ್ಷದಲ್ಲಿ 30 ದಿನ ಯಾವುದಾದರೂ ಕೆಲಸ ಮಾಡಿದ್ದರೆ ಅಂತಿಮ ಲೆಕ್ಕದಲ್ಲಿ ಆತ ಉದ್ಯೋಗಿ. ಎರಡನೆಯದು ವಾರದ ಲೆಕ್ಕ. ಏಳು ದಿನಗಳಲ್ಲಿ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು. ಮೂರನೆಯದು ದಿನದ ಲೆಕ್ಕ. ವಾರದ ಪ್ರತಿ ದಿನವನ್ನೂ ಅರ್ಧರ್ಧವಾಗಿ ಒಡೆದು, ಎಷ್ಟು ಹೊತ್ತು ದುಡಿಮೆಯಿತ್ತು, ಎಷ್ಟು ಹೊತ್ತು ಇರಲಿಲ್ಲ ಎಂದು ಬರೆದುಕೊಳ್ಳುವ ಕ್ರಮ. ಕೂಲಿಯವರ ಖಾಲಿ ದಿನಗಳು ಕಾಣಿಸಿಕೊಳ್ಳುವುದು ಈ ಮೂರನೆಯದರಲ್ಲಿ ಮಾತ್ರ. 2004-05ರಲ್ಲಿ ವರ್ಷದ ಲೆಕ್ಕದ ನಿರುದ್ಯೋಗ ಶೇ 2.3, ದಿನದ ಲೆಕ್ಕದ್ದು ಶೇ 8ಕ್ಕೂ ಮೇಲೆ. ಅದೇ ಜನ, ಅದೇ ವರ್ಷ, ಅದೇ ಸಮೀಕ್ಷೆ. ಪತ್ರಿಕೆಗಳ ತಲೆಬರಹಕ್ಕೂ ಮಂತ್ರಿಗಳ ಭಾಷಣಕ್ಕೂ ಹೆಚ್ಚಾಗಿ ಹತ್ತುವುದು ಮೊದಲನೆಯದು.

ಉದಾಹರಣೆಗೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬೆಟ್ಟದಪುರದ ಕಡೆಯ ಹಳ್ಳಿ, ಎರಡು ಎಕರೆ ಮಳೆ ನಂಬಿದ ಹೊಲ. ಮನೆಯ ಯಜಮಾನ ಹೊಗೆಸೊಪ್ಪು, ರಾಗಿ ಬೆಳೆಯುತ್ತಾನೆ. ಸಮೀಕ್ಷೆಯಲ್ಲಿ ಆತನಿಗೆ ಸಂಕೇತ 11, ಸ್ವಂತ ದುಡಿಮೆಗಾರ. ಹೆಂಡತಿ ಅದೇ ಹೊಲದಲ್ಲಿ ಅಷ್ಟೇ ಹೊತ್ತು ದುಡಿಯುತ್ತಾಳೆ. ಸಂಕೇತ 21, ಸಂಬಳವಿಲ್ಲದ ಮನೆಯ ಸಹಾಯಕಿ. ಮುದುಕಿ ಅತ್ತೆ ಹಸು ಮೇಯಿಸಿ ಡೇರಿಗೆ ಹಾಲು ಹಾಕಿಸುತ್ತಾಳೆ, ಆಕೆಗೂ 21. ಮಗ ಬಿ.ಎ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ, ಕೆಲಸ ಹುಡುಕುತ್ತ ಇದ್ದಾನೆ. ಸೊಪ್ಪು ಬೇಯಿಸುವ ಕಾಲದಲ್ಲಿ ಒಂದೂವರೆ ತಿಂಗಳು ಅಪ್ಪನ ಜತೆ ಬ್ಯಾರನ್ನಿನಲ್ಲಿ ನಿಂತಿದ್ದಾನೆ. 30 ದಿನ ದಾಟಿತು, ಅವನೂ ಉದ್ಯೋಗಿ. ಮನೆಯಲ್ಲಿ ನಾಲ್ವರು, ನಿರುದ್ಯೋಗ ದರ ಸೊನ್ನೆ. ಸಮೀಕ್ಷೆಗೆ ಬಂದವರು ಎಲ್ಲಿಯೂ ತಪ್ಪು ಮಾಡಿಲ್ಲ. ಕೈಪಿಡಿ ಹೇಳಿದಂತೆಯೇ ತುಂಬಿದ್ದಾರೆ. ಈ ನಾಲ್ವರ ವರ್ಷದ ದುಡಿಮೆಯಿಂದ ಗೊಬ್ಬರದ ಬಾಕಿ, ಸೌದೆಯ ಬಾಬ್ತು, ಸಂಘದ ಕಂತು ಕಳೆದು ಎಷ್ಟು ಉಳಿಯಿತು ಎಂಬುದು ಈ ದರಕ್ಕೆ ಸಂಬಂಧಪಟ್ಟ ವಿಷಯವಲ್ಲ.

ಅದಕ್ಕೆ ಉತ್ತರ ಬೇರೆ ಕಡೆ ಇದೆ. ರೈತ ಕುಟುಂಬಗಳ ಸ್ಥಿತಿಗತಿ ಕುರಿತ 2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ರೈತ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ ₹10,218. ಅದರಲ್ಲಿ ಬೆಳೆಯಿಂದ ಬಂದದ್ದು ₹3,798, ಕೂಲಿ–ಸಂಬಳದಿಂದ ಬಂದದ್ದು ₹4,063. ರೈತ ಎನಿಸಿಕೊಂಡವನಿಗೆ ಹೊಲಕ್ಕಿಂತ ಹೊರಗಿನ ಕೂಲಿಯೇ ಹೆಚ್ಚು ತಂದಿದೆ.

ಈಗ ಕೋವಿಡ್ ಸಾಂಕ್ರಾಮಿಕದ ವರ್ಷಗಳತ್ತ ಬರೋಣ. ಆಗ ಸಮೀಕ್ಷೆಯ ವರ್ಷ ಜುಲೈನಿಂದ ಜೂನ್‌ವರೆಗೆ. 2018-19ರಲ್ಲಿ ಶೇ 5.8 ಇದ್ದ ದರ, ಲಾಕ್‌ಡೌನಿನ ಮೂರು ತಿಂಗಳನ್ನು ಒಳಗೊಂಡ 2019-20ರಲ್ಲಿ ಶೇ 4.8ಕ್ಕೆ, ಎರಡನೇ ಅಲೆ ಅಪ್ಪಳಿಸಿದ 2020-21ರಲ್ಲಿ ಶೇ 4.2ಕ್ಕೆ ಇಳಿಯಿತು. ಹೌದು, ಇಳಿಯಿತು. 2020ರ ಏಪ್ರಿಲ್–ಜೂನ್‌ನಲ್ಲಿ ನಗರಗಳ ವಾರದ ಲೆಕ್ಕದ ದರ ಶೇ 20 ದಾಟಿದ್ದನ್ನು ಅದೇ ಸರ್ಕಾರಿ ಸಮೀಕ್ಷೆ ದಾಖಲಿಸಿತ್ತು. ಸಿಎಂಐಇ ಎಂಬ ಖಾಸಗಿ ಸಂಸ್ಥೆಯ ಅಂದಾಜಿನಲ್ಲಿ ಆ ಏಪ್ರಿಲ್ ತಿಂಗಳ ದೇಶದ ದರ ಶೇ 23ಕ್ಕೂ ಮೇಲಿತ್ತು. ವಾರ್ಷಿಕ ಲೆಕ್ಕದಲ್ಲಿ ಅಷ್ಟೆಲ್ಲ ಎಲ್ಲಿ ಹೋಯಿತು?

ಊರಿಗೆ ಹೋಯಿತು. ಬೆಂಗಳೂರಿನ ಸೆಕ್ಯುರಿಟಿ ಕೆಲಸ, ಹೋಟೆಲು, ಗಾರೆ ಕೆಲಸ ಬಿಟ್ಟು ಬಂದವರು ಅಪ್ಪನ ಹೊಲದಲ್ಲಿ ಸೇರಿಕೊಂಡರು. ಇಬ್ಬರು ಮಾಡುತ್ತಿದ್ದ ನಾಟಿಯನ್ನು ನಾಲ್ವರು ಮಾಡಿದರು. ದುಡಿಯುವವರಲ್ಲಿ ಕೃಷಿಯನ್ನು ನೆಚ್ಚಿದವರ ಪಾಲು 2018-19ರಲ್ಲಿ ಶೇ 42.5 ಇದ್ದದ್ದು ಒಂದೇ ವರ್ಷದಲ್ಲಿ ಶೇ 45.6 ಆಯಿತು, ಮರುವರ್ಷ ಶೇ 46.5. ಒಂದು ದೇಶ ಕೈಗಾರಿಕೆಯತ್ತ ಹೊರಟಿದ್ದರೆ ಈ ಪಾಲು ಇಳಿಯುತ್ತ ಹೋಗಬೇಕು. ದಶಕಗಳ ಕಾಲ ನಮ್ಮಲ್ಲಿ ಇಳಿಯುತ್ತಲೂ ಇತ್ತು. 2023-24ರಲ್ಲೂ ಅದು ಶೇ 46ರ ಮೇಲೇ ನಿಂತಿತ್ತು. ಬಂದವರು ಆಗಲೂ ಪೂರಾ ಹಿಂದಿರುಗಿರಲಿಲ್ಲ.

ಇಂಥದ್ದನ್ನು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1936ರಲ್ಲೇ ಮರೆಮಾಚಿದ ನಿರುದ್ಯೋಗ ಎಂದು ಕರೆದಿದ್ದರು. ಒಳ್ಳೆಯ ಕೆಲಸ ಕಳೆದುಕೊಂಡವರು ಬೀದಿಯಲ್ಲಿ ಬೆಂಕಿಪೊಟ್ಟಣ ಮಾರುವಂಥ ಕೆಲಸಕ್ಕೆ ಇಳಿದರೆ ಅಂಕಿ ಬದಲಾಗುವುದಿಲ್ಲ, ಬದುಕು ಬದಲಾಗುತ್ತದೆ ಎಂಬುದು ಅವರ ವಾದದ ಸಾರ. ಮಹಾ ಆರ್ಥಿಕ ಕುಸಿತದ ಇಂಗ್ಲೆಂಡಿಗೆ ಹೇಳಿದ ಮಾತು ಸಾಂಕ್ರಾಮಿಕ ಕಾಲದ ಹುಣಸೂರಿಗೂ ಒಪ್ಪುತ್ತದೆ. ಒಂದು ವ್ಯತ್ಯಾಸವಿದೆ. ಅಲ್ಲಿ ಮರೆಯಾಗಲು ಬೀದಿ ಇತ್ತು, ಇಲ್ಲಿ ಅಪ್ಪನ ಎರಡೆಕರೆ ಇದೆ. ಕರ್ನಾಟಕದ ಸರಾಸರಿ ಹಿಡುವಳಿ 2015-16ರ ಕೃಷಿ ಗಣತಿಯಂತೆ 1.36 ಹೆಕ್ಟೇರ್, ಮೂರೂವರೆ ಎಕರೆಗಿಂತ ಕಡಿಮೆ.

ಹೊಗೆಸೊಪ್ಪಿನ ವಿಷಯಕ್ಕೆ ಬರದೆ ಈ ಸೀಮೆಯ ದುಡಿಮೆಯ ಮಾತು ಪೂರ್ತಿಯಾಗದು. ಕರ್ನಾಟಕದ ವರ್ಜೀನಿಯಾ ತಂಬಾಕಿನ ಮುಖ್ಯ ನೆಲೆ ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳು, ಪಕ್ಕದ ಎಚ್.ಡಿ. ಕೋಟೆ, ಕೆ.ಆರ್. ನಗರಗಳಿಗೂ ಅದು ಹಬ್ಬಿದೆ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ. ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದಗಳಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿವೆ. ಬೆಳೆಯುವುದಕ್ಕೆ ಮಂಡಳಿಯ ಪರವಾನಗಿ ಬೇಕು, ರಾಜ್ಯಕ್ಕೆ ಇಷ್ಟು ಎಂದು ಪ್ರಮಾಣವನ್ನೂ ಮಂಡಳಿಯೇ ಗೊತ್ತುಮಾಡುತ್ತದೆ.

ಈ ಬೆಳೆ ಆಳನ್ನು ನುಂಗುವಷ್ಟು ಬೇರಾವುದೂ ನುಂಗುವುದಿಲ್ಲ. ಬೇಸಿಗೆಯಲ್ಲೇ ಸಸಿಮಡಿ, ಮುಂಗಾರಿಗೆ ಮೊದಲಿನ ಮಳೆಗೆ ನಾಟಿ, ಕಳೆ, ಗೊಬ್ಬರ, ಕುಡಿ ಮುರಿಯುವುದು. ಮಳೆಗಾಲದ ನಡುವೆ ಎಲೆ ಬಲಿತಂತೆ ಬುಡದಿಂದ ಎರಡು ಮೂರರಂತೆ ಮುರಿದು ತರಬೇಕು. ಒಂದೇ ಗಿಡದ ಹತ್ತಿರ ಮತ್ತೆ ಮತ್ತೆ ಹೋಗಬೇಕು. ತಂದ ಎಲೆಯನ್ನು ಹೆಂಗಸರು ಕೂತು ಕಡ್ಡಿಗೆ ಕಟ್ಟುತ್ತಾರೆ. ಸೊಪ್ಪಿನ ಅಂಟು ಬೆರಳಿಗೆ ಹಿಡಿದು ಕಪ್ಪುಗಟ್ಟುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ಏರಿಸಿದ ಮೇಲೆ ಐದಾರು ದಿನ ಬೇಯಿಸುವುದು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುನರ ಒಣಗಬೇಕು. ಒಂದೊಂದು ಹಂತಕ್ಕೂ ಬೇರೆ ಬೇರೆ ಶಾಖ. ಉರಿ ತುಸು ಹೆಚ್ಚಾದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಎಲೆ ಕೊಳೆಯುತ್ತದೆ. ಆದ್ದರಿಂದ ಹಗಲು ರಾತ್ರಿ ಒಬ್ಬರು ಒಲೆಯ ಬಾಯಲ್ಲಿ ಇರಲೇಬೇಕು. ಆಮೇಲೆ ಗ್ರೇಡು ಮಾಡುವುದು, ಬೇಲು ಕಟ್ಟುವುದು, ಹರಾಜಿಗೆ ಸರದಿ ಕಾಯುವುದು.

ಇಷ್ಟೆಲ್ಲ ದುಡಿಮೆಯ ಬೆಲೆ ತೀರ್ಮಾನವಾಗುವುದು ಹರಾಜಿನ ಕೆಲವೇ ನಿಮಿಷಗಳಲ್ಲಿ, ಬೆರಳೆಣಿಕೆಯ ಕಂಪನಿಗಳ ಕೊಳ್ಳುಗರ ನಡುವೆ. ಬೆಲೆ ಕೆ.ಜಿ.ಗೆ ಹತ್ತಿಪ್ಪತ್ತು ರೂಪಾಯಿ ಬಿದ್ದರೆ ಮನೆಯವರ ಆರು ತಿಂಗಳ ಕೂಲಿಯೇ ಬಿದ್ದ ಹಾಗೆ. ಉದ್ಯೋಗದ ಅಂಕಿ ಮಾತ್ರ ಒಂದು ಕೂದಲೂ ಕೊಂಕದೆ ನಿಂತಿರುತ್ತದೆ. 2015ರ ಹಂಗಾಮಿನಲ್ಲಿ ಬೆಲೆ ಕುಸಿದಾಗ ಹರಾಜು ಮಾರುಕಟ್ಟೆಗಳ ಮುಂದೆ ಬೆಳೆಗಾರರು ಪ್ರತಿಭಟಿಸಿದರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ಆ ವರ್ಷ ರಾಜ್ಯದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರು ಮತ್ತು ಕೃಷಿ ಕೂಲಿಕಾರರು 1,569. ಅವರಲ್ಲಿ ಯಾರೂ ನಿರುದ್ಯೋಗಿಗಳ ಕಾಲಮ್ಮಿನಲ್ಲಿ ಇಲ್ಲ. ಇಡೀ ದೇಶದ 2022ರ ವರದಿಯಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಪೈಕಿ ನಾಲ್ಕರಲ್ಲೊಂದು ಭಾಗಕ್ಕೂ ಹೆಚ್ಚಿನವರು ದಿನಗೂಲಿಗಳು. ನಿರುದ್ಯೋಗಿ ಎಂದು ದಾಖಲಾದವರು ಹತ್ತರಲ್ಲೊಂದಕ್ಕೂ ಕಡಿಮೆ. ಸಾವಿಗೆ ಕಾರಣಗಳು ಹಲವು, ಅದನ್ನು ಕಸುಬಿನೊಂದಕ್ಕೇ ಗಂಟು ಹಾಕಲಾಗದು. ಆದರೂ ಸಂಕಟ ನಿರುದ್ಯೋಗಿಗಳ ಕಡೆಗೇ ಹೆಚ್ಚಿರುತ್ತದೆ ಎಂಬ ನಂಬಿಕೆಗೆ ಈ ಅಂಕಿಯಿಂದ ಆಧಾರ ಸಿಗುವುದಿಲ್ಲ.

ಮಾನ್ಯರೇ, ಸಮೀಕ್ಷೆಯ ಪ್ರಕಾರ ನಿಜವಾದ ನಿರುದ್ಯೋಗಿ ಯಾರು? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇ 29.1, ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಓದಿದರೆ ಕೆಲಸ ಸಿಗುವುದಿಲ್ಲ, ಓದದಿದ್ದರೆ ಸಿಗುತ್ತದೆ ಎಂದು ಇದನ್ನು ಓದಿಕೊಂಡರೆ ಅನರ್ಥ. ಪದವಿ ಮುಗಿಸಿದವನ ಮನೆಯಲ್ಲಿ ಇನ್ನೂ ಒಂದೆರಡು ವರ್ಷ ಅವನನ್ನು ಸಾಕುವ ಶಕ್ತಿ ಅಷ್ಟೋ ಇಷ್ಟೋ ಇರುತ್ತದೆ, ಅವನು ಕಾಯುತ್ತಾನೆ. ಅಕ್ಷರ ಕಲಿಯದವನ ಮನೆಗೆ ಆ ಶಕ್ತಿ ಇಲ್ಲ, ಮಾರನೆಯ ದಿನವೇ ಅವನು ಜೀಪು ಹತ್ತುತ್ತಾನೆ. ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ 1968ರ ತಮ್ಮ 'ಏಷ್ಯನ್ ಡ್ರಾಮಾ'ದಲ್ಲಿ ಪಶ್ಚಿಮದ ನಿರುದ್ಯೋಗದ ಕಲ್ಪನೆ ದಕ್ಷಿಣ ಏಷ್ಯಾಕ್ಕೆ ಹೊಂದುವುದಿಲ್ಲವೆಂದು ಪುಟಗಟ್ಟಲೆ ವಾದಿಸಿದ್ದರು. ನಿರುದ್ಯೋಗ ಭತ್ಯೆಯಿಲ್ಲದ ದೇಶದಲ್ಲಿ ನಿರುದ್ಯೋಗಿಯಾಗಿರಲೂ ಯೋಗ್ಯತೆ ಬೇಕು.

ಕರ್ನಾಟಕ ಇತ್ತೀಚೆಗೆ ಆ ಭತ್ಯೆಯನ್ನೂ ತಂದಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯಲ್ಲಿ, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಪಡೆದವರಿಗೆ ₹1,500, ಎರಡು ವರ್ಷದವರೆಗೆ. ಬೆಟ್ಟದಪುರದ ಕಡೆಯ ಆ ಕಾಲ್ಪನಿಕ ಮನೆಯ ಮಗನನ್ನು ಮತ್ತೆ ನೆನೆಯಬಹುದು. ಕೇಂದ್ರದ ಸಮೀಕ್ಷೆಗೆ ಅವನು ಉದ್ಯೋಗಿ. ರಾಜ್ಯದ ಯೋಜನೆಗೆ ಅವನು ನಿರುದ್ಯೋಗಿ. ಅಪ್ಪನ ಬ್ಯಾರನ್ನಿಗೆ ಸೊಪ್ಪು ಏರಿಸಿದ್ದನ್ನು ಯುವನಿಧಿ ಅರ್ಜಿಯಲ್ಲಿ ಯಾರೂ ಕೇಳುವುದಿಲ್ಲ. ಎರಡೂ ಲೆಕ್ಕಗಳು ತಮ್ಮ ತಮ್ಮ ನಿಯಮದಂತೆ ಸರಿ. ಯಾವುದನ್ನು ಎಲ್ಲಿ ಬಳಸುತ್ತೇವೆ ಎಂಬಲ್ಲಿ ಎಚ್ಚರ ಬೇಕು.

ಅತಿಥಿ ಉಪನ್ಯಾಸಕರ ಪಾಡೂ ಇಲ್ಲೇ ಬರುತ್ತದೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ನಡೆಸುತ್ತಿದ್ದಾರೆ ಎಂದರೆ ಉತ್ಪ್ರೇಕ್ಷೆಯಲ್ಲ. ಪಾಠವಿರುವ ತಿಂಗಳಿಗೆ ಗೌರವಧನ, ರಜೆಯ ತಿಂಗಳಿಗೆ ಏನೂ ಇಲ್ಲ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. 2023ರ ಕೊನೆಯಲ್ಲಿ ಇವರು ತರಗತಿ ಬಿಟ್ಟು ಧರಣಿ ಕೂತಾಗ ಕಾಲೇಜುಗಳು ಸ್ತಬ್ಧವಾದವು. ವರ್ಷದ ಲೆಕ್ಕದಲ್ಲಿ ಇವರೆಲ್ಲ ಯಾವ ಕೊರತೆಯೂ ಇಲ್ಲದ ಉದ್ಯೋಗಿಗಳು.

ಹೆಂಗಸರ ದುಡಿಮೆಯ ಲೆಕ್ಕ ಇನ್ನೂ ಜಾರುವಂಥದ್ದು. 1961ರ ಜನಗಣತಿ, ಹಂಗಾಮಿನ ಹೆಚ್ಚಿನ ದಿನಗಳಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ದುಡಿದವರನ್ನೆಲ್ಲ ಕೆಲಸಗಾರರೆಂದು ಎಣಿಸಿತು. 1971ರದ್ದು ನಿಮ್ಮ ಮುಖ್ಯ ಚಟುವಟಿಕೆ ಯಾವುದು ಎಂದು ಕೇಳಿತು. ಬಹಳಷ್ಟು ಹೆಂಗಸರ ಪರವಾಗಿ ಮನೆಗೆಲಸ ಎಂಬ ಉತ್ತರ ಬಂತು. ಕೆಲಸಗಾರ ಹೆಂಗಸರ ಪ್ರಮಾಣ ಹತ್ತು ವರ್ಷದಲ್ಲಿ ಸುಮಾರು ಅರ್ಧಕ್ಕಿಳಿಯಿತು. ನಾಟಿ ಹಾಕುತ್ತಿದ್ದವರು ಹಾಕುತ್ತಲೇ ಇದ್ದರು, ಕಳೆ ಕೀಳುತ್ತಿದ್ದವರು ಕೀಳುತ್ತಲೇ ಇದ್ದರು. ಬದಲಾದದ್ದು ಪ್ರಶ್ನೆ ಮಾತ್ರ.

ಈಗ ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುತ್ತಿದೆ. ಗ್ರಾಮೀಣ ಮಹಿಳೆಯರಲ್ಲಿ ದುಡಿಯುವವರ ಮತ್ತು ದುಡಿಮೆ ಹುಡುಕುವವರ ಪ್ರಮಾಣ 2017-18ರಲ್ಲಿ ಶೇ 24.6 ಇದ್ದದ್ದು 2023-24ಕ್ಕೆ ಶೇ 47.6ಕ್ಕೆ ಏರಿದೆ. ಸಂತೋಷಪಡುವುದಕ್ಕೆ ಮುಂಚೆ ಏರಿಕೆ ಎಲ್ಲಾಯಿತು ಎಂದು ನೋಡಬೇಕು. ದೇಶದ ದುಡಿಮೆಗಾರರಲ್ಲಿ ಸ್ವಂತ ಉದ್ಯೋಗದವರ ಪಾಲು ಇದೇ ಅವಧಿಯಲ್ಲಿ ಶೇ 52ರಿಂದ ಶೇ 58ಕ್ಕೆ ಹೋಗಿದೆ. ಅದರೊಳಗೆ ಸಂಬಳವಿಲ್ಲದ ಮನೆಯ ಸಹಾಯಕರ ಪಾಲು ಶೇ 13.6ರಿಂದ ಶೇ 19.4ಕ್ಕೆ. ಮನೆಯವರ ಹೊಲದಲ್ಲಿ, ಮನೆಯವರ ಅಂಗಡಿಯಲ್ಲಿ, ಕೈಗೆ ಕಾಸು ಬಾರದ ದುಡಿಮೆ. ಇದು ಸಂಕಟದಿಂದ ಬಂದ ಏರಿಕೆಯೋ, ಹಿಂದೆ ಎಣಿಸದೆ ಬಿಟ್ಟವರನ್ನು ಈಗ ಎಣಿಸಿದ್ದರಿಂದ ಬಂದದ್ದೋ ಎಂದು ವಿದ್ವಾಂಸರಲ್ಲಿ ಚರ್ಚೆ ಮುಗಿದಿಲ್ಲ. ಎರಡೂ ಇರಬಹುದು. ಸಂಬಳದ ಕೆಲಸಗಳು ಆ ವೇಗದಲ್ಲಿ ಬೆಳೆದದ್ದರಿಂದ ಅಂತೂ ಅಲ್ಲ.

ಸಮೀಕ್ಷೆಯಲ್ಲಿ ಸಂಕೇತ 93 ಎಂದೊಂದಿದೆ. ಮನೆಗೆಲಸದ ಜತೆಗೆ ಮನೆಬಳಕೆಗೆ ಸೌದೆ, ಸೊಪ್ಪು, ಗೆಡ್ಡೆಗೆಣಸು, ದನದ ಮೇವು ತರುವವರು, ಮನೆಯವರಿಗೆ ಬಟ್ಟೆ ಹೊಲಿಯುವವರು ಅದರಲ್ಲಿ ಬರುತ್ತಾರೆ. ಅವರು ಉದ್ಯೋಗಿಗಳೂ ಅಲ್ಲ, ನಿರುದ್ಯೋಗಿಗಳೂ ಅಲ್ಲ. ಕಾರ್ಮಿಕ ಬಲದಿಂದಲೇ ಹೊರಗೆ. ಎಚ್.ಡಿ. ಕೋಟೆಯ ಹಾಡಿಗಳಲ್ಲಿ, ಎಂದರೆ ಬುಡಕಟ್ಟು ಜನರ ಊರುಗಳಲ್ಲಿ, ಕಾಡಂಚಿನಿಂದ ಸೌದೆ ಹೊತ್ತು ತರುವ ಹೆಂಗಸಿನ ಬೆಳಗು ಪೂರ್ತಿ ಈ ಒಂದು ಸಂಕೇತದೊಳಗೆ ಮುಗಿದುಹೋಗುತ್ತದೆ.

ಹಾಡಿಗಳ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ನಿಲ್ಲಬೇಕು. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಸಮುದಾಯಗಳಿಗೆ ಕಾಡೇ ಕಸುಬಾಗಿತ್ತು. 1974ರ ಕಬಿನಿ ಅಣೆಕಟ್ಟು, ಆಮೇಲೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ 1999ರಲ್ಲಿ ಹುಲಿ ಮೀಸಲು ಪ್ರದೇಶವಾದ ನಾಗರಹೊಳೆ, ಇವುಗಳ ನಡುವೆ ಆ ಕಸುಬು ಕೈತಪ್ಪಿತು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ನೆಲೆ ಕಳೆದುಕೊಂಡ ಬುಡಕಟ್ಟು ಕುಟುಂಬಗಳ ಸಂಖ್ಯೆ 3,418. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಕೆಲವರಿಗೆ ಜಮೀನು, ಮನೆ ಸಿಕ್ಕಿತು. ಬಹಳ ಜನ ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಯವರಿಗೆ ಕಟ್ಟಿದ ಲೈನ್‌ಮನೆಗಳಿಗೆ ಹೋದರು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಮಕ್ಕಳೂ ಶಾಲೆ ಬಿಟ್ಟು ಜತೆಗೆ ಹೋಗುವುದುಂಟು. ಮುಂಗಡ ತೆಗೆದುಕೊಂಡಿದ್ದರೆ ಅದು ತೀರುವವರೆಗೆ ಬೇರೆ ತೋಟದ ಮಾತಿಲ್ಲ. ನಿರುದ್ಯೋಗ ಎಂಬ ಮಾತಿಗೆ ಇಲ್ಲಿ ಎಡೆಯೇ ಇಲ್ಲ.

ವಲಸೆಯೆಲ್ಲವೂ ಸಂಕಟವೆಂದು ಇದರಿಂದ ಹೇಳಲಾಗದು. ಪಿರಿಯಾಪಟ್ಟಣ ತಾಲ್ಲೂಕಿನದೇ ಬೈಲಕುಪ್ಪೆಯ ಟಿಬೆಟನ್ ಕುಟುಂಬಗಳು ಚಳಿಗಾಲದಲ್ಲಿ ಸ್ವೆಟರ್ ಮಾರಲು ದೂರದ ನಗರಗಳಿಗೆ ಹೋಗಿ ಬರುವುದು ದಶಕಗಳಿಂದ ನಡೆದಿದೆ. ಅವರ ಬೆನ್ನಿಗೆ ಸಹಕಾರ ಸಂಘವಿದೆ, ಸಮುದಾಯದ ಆಸರೆಯಿದೆ. ಹಾಡಿಯಿಂದ ಹೊರಡುವವರ ಬೆನ್ನಿಗಿರುವುದು ಮೇಸ್ತ್ರಿಯ ಮುಂಗಡ.

ಉದ್ಯೋಗ ಮತ್ತು ಕ್ಷೇಮ ಬೇರೆ ಬೇರೆ ಎಂಬುದಕ್ಕೆ ಜೀತಪದ್ಧತಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ವರ್ಷದ ಲೆಕ್ಕ, ವಾರದ ಲೆಕ್ಕ, ದಿನದ ಲೆಕ್ಕ, ಯಾವುದನ್ನೇ ಹಾಕಿದರೂ ಜೀತದಾಳು ಪೂರ್ಣ ಉದ್ಯೋಗಿ. 1976ರಲ್ಲಿ ಜೀತ ನಿಷೇಧ ಕಾಯ್ದೆ ಬಂದಾಗ ರಾಜ್ಯದಲ್ಲಿ ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು. ಗೇಣಿದಾರರಿಗೆ ಭೂಮಿ ಕೊಟ್ಟ 1974ರ ಭೂಸುಧಾರಣಾ ತಿದ್ದುಪಡಿ, 1976ರ ಋಣ ಪರಿಹಾರ ಕಾಯ್ದೆ ಎರಡೂ ಅವರ ಕಾಲದವು. ಇವುಗಳಲ್ಲಿ ಒಂದಾದರೂ ನಿರುದ್ಯೋಗ ದರ ತಗ್ಗಿಸುವ ಕ್ರಮವಾಗಿರಲಿಲ್ಲ. ದುಡಿಯುತ್ತಿದ್ದವನ ಕೈಯಲ್ಲಿ ಅವನ ದುಡಿಮೆಯ ಫಲ ಉಳಿಯುವಂತೆ ಮಾಡುವುದು ಅವುಗಳ ಗುರಿ. ಅರಸು ಅವರು ಆರ್ಥಿಕ ಪರಿಸ್ಥಿತಿಯನ್ನು ಓದಿದ ಬಗೆ ಇಂದಿನ ನಿರುದ್ಯೋಗ ದರದ ಮಾಸಿಕ ಪ್ರಕಟಣೆಗಳಿಗಿಂತ ಹೆಚ್ಚು ಖಚಿತವಾಗಿತ್ತೆಂದು ತೋರುತ್ತದೆ.

ಹಾಗೆಂದು ಅಳತೆಯನ್ನೇ ಬಿಸಾಡಬೇಕೇ? ಬೇಡ. ಅದಕ್ಕಿಂತ ಕೆಟ್ಟ ಅಳತೆಯೂ ನಮ್ಮಲ್ಲಿ ಇತ್ತು. ಉದ್ಯೋಗ ವಿನಿಮಯ ಕಚೇರಿಯ ನೋಂದಣಿ ಪುಸ್ತಕದಲ್ಲಿ ಕೆಲಸದಲ್ಲಿದ್ದವರ ಹೆಸರೂ ಇರುತ್ತಿತ್ತು, ಕಚೇರಿಯ ಮೆಟ್ಟಿಲನ್ನೇ ಹತ್ತದ ಕೂಲಿಕಾರನ ಹೆಸರು ಎಂದೂ ಇರುತ್ತಿರಲಿಲ್ಲ. ಮಾದರಿ ಸಮೀಕ್ಷೆ ಅದಕ್ಕಿಂತ ಎಷ್ಟೋ ಪಾಲು ಮೇಲು. ಅದರ ವರದಿಗಳ ಹಿಂಭಾಗದ ಕೋಷ್ಟಕಗಳಲ್ಲಿ ಗಳಿಕೆ, ದುಡಿದ ಗಂಟೆ, ಕಸುಬಿನ ಬಗೆ ಎಲ್ಲವೂ ಇವೆ. ಮುಚ್ಚಿಟ್ಟವರು ಯಾರೂ ಇಲ್ಲ, ತೆರೆದು ನೋಡುವವರು ಕಡಿಮೆ.

ದಾರಿಗಳನ್ನೂ ಬಲ್ಲವರು ತೋರಿಸಿದ್ದಾರೆ. ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ 1973ರಲ್ಲೇ ನಾಲ್ಕು ಒರೆಗಲ್ಲುಗಳನ್ನು ಮುಂದಿಟ್ಟಿದ್ದರು: ದುಡಿದ ಕಾಲ, ಬಂದ ಆದಾಯ, ಇನ್ನೂ ದುಡಿಯಲು ಇರುವ ಇಚ್ಛೆ, ದುಡಿಮೆಯ ಉತ್ಪಾದಕತೆ. ಅಮರ್ತ್ಯ ಸೇನ್ 1975ರ ತಮ್ಮ ಪುಸ್ತಕದಲ್ಲಿ ಉದ್ಯೋಗಕ್ಕೆ ಮೂರು ಮುಖ ಎಂದರು: ಅದು ಆದಾಯ ತರಬೇಕು, ಉತ್ಪನ್ನ ಕೊಡಬೇಕು, ಮಾಡುವವನಿಗೆ ತಾನೊಂದು ಬೆಲೆಯುಳ್ಳ ಕೆಲಸದಲ್ಲಿದ್ದೇನೆ ಎಂಬ ಮನ್ನಣೆಯನ್ನೂ ಕೊಡಬೇಕು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಮುಖ್ಯ ದರದ ಪಕ್ಕದಲ್ಲೇ ಇನ್ನೊಂದು ವಿಶಾಲ ದರವನ್ನು ತಿಂಗಳು ತಿಂಗಳೂ ಪ್ರಕಟಿಸುತ್ತದೆ. ಹುಡುಕಿ ಸಾಕಾಗಿ ಕೈಬಿಟ್ಟವರು, ಪೂರ್ಣಾವಧಿ ಸಿಗದೆ ಅರೆಕಾಲ ಮಾಡುವವರು ಅದರಲ್ಲಿ ಸೇರುತ್ತಾರೆ. 2020ರ ಏಪ್ರಿಲ್‌ನಲ್ಲಿ ಅಲ್ಲಿಯ ಮುಖ್ಯ ದರ ಶೇ 15ರ ಹತ್ತಿರ ಇದ್ದಾಗ ವಿಶಾಲ ದರ ಶೇ 23ರ ಹತ್ತಿರವಿತ್ತು. ಇನ್ನು 2013ರಲ್ಲಿ ಜಾಗತಿಕ ಕಾರ್ಮಿಕ ಅಂಕಿಅಂಶ ತಜ್ಞರ ಸಮ್ಮೇಳನ, ಸ್ವಂತ ಬಳಕೆಗಷ್ಟೇ ಬೆಳೆಯುವುದನ್ನು ದುಡಿಮೆ ಎನ್ನಬೇಕು, ಉದ್ಯೋಗ ಎನ್ನಬಾರದು ಎಂದು ವಿಂಗಡಿಸಿತು. ಭಾರತದ ಸಮೀಕ್ಷೆ ಇನ್ನೂ ಹಳೆಯ ಕ್ರಮವನ್ನೇ ಹಿಡಿದಿದೆ. ಹೊಸದನ್ನು ಹಿಡಿದರೆ ಅರ್ಧ ಎಕರೆ ರಾಗಿ ಬೆಳೆದು ಉಣ್ಣುವ ಎಷ್ಟೋ ಜನ ಉದ್ಯೋಗಿಗಳ ಪಟ್ಟಿಯಿಂದ ಹೊರಬೀಳುತ್ತಾರೆ.

ಈ ನಾಲ್ಕು ತಾಲ್ಲೂಕುಗಳ ನಿರುದ್ಯೋಗ ದರ ಎಷ್ಟು ಎಂದು ಸಭೆಯಲ್ಲಿ ಯಾರಾದರೂ ಕೇಳಬಹುದು. ಅಂಥ ಅಂಕಿಯೇ ಇಲ್ಲ. ಸಮೀಕ್ಷೆ 2023-24ರಲ್ಲಿ ದೇಶದಾದ್ಯಂತ ಮಾತನಾಡಿಸಿದ್ದು ಸುಮಾರು ಒಂದು ಲಕ್ಷ ಮನೆಗಳನ್ನು. ರಾಜ್ಯದ ಮಟ್ಟಕ್ಕಿಂತ ಕೆಳಗೆ ಅದು ನಂಬಿಕೆಯ ಅಂದಾಜು ಕೊಡಲಾರದು. 2025ರ ಜನವರಿಯಿಂದ ಮಾದರಿಯನ್ನು ಹಿಗ್ಗಿಸಿ ಜಿಲ್ಲೆಯನ್ನು ಆಧಾರ ಘಟಕವಾಗಿ ತೆಗೆದುಕೊಂಡಿದ್ದಾರೆ, ತಿಂಗಳಿಗೊಮ್ಮೆ ದರ ಪ್ರಕಟವಾಗುತ್ತಿದೆ. ತಾಲ್ಲೂಕು ಇನ್ನೂ ದೂರವೇ. ಜಿಲ್ಲೆಯ ಸರಾಸರಿ ಸಿಕ್ಕರೂ ಮೈಸೂರು ನಗರದ ಹೆಬ್ಬಾಳ, ಕೂರ್ಗಳ್ಳಿ ಕೈಗಾರಿಕಾ ಪ್ರದೇಶಗಳೂ ಎಚ್.ಡಿ. ಕೋಟೆಯ ಹಾಡಿಗಳೂ ಅದರಲ್ಲಿ ಒಂದಾಗಿಬಿಡುತ್ತವೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಜಿಲ್ಲೆಗಳನ್ನು ಬಿಟ್ಟು ತಾಲ್ಲೂಕುಗಳನ್ನೇ ಎತ್ತಿಕೊಂಡು 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದ್ದರ ಹಿಂದೆ ಇದೇ ವಿವೇಕವಿತ್ತು. ಕಾವೇರಿ ನಾಲೆಯ ಭತ್ತದ ಬಯಲಿನ ಕೆ.ಆರ್. ನಗರದಲ್ಲಿ ಕೂಡ, ಚುಂಚನಕಟ್ಟೆಯ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಮುಚ್ಚಿದ್ದಾಗ ಕಬ್ಬಿನವರು ಅನುಭವಿಸಿದ್ದು ಯಾವ ಜಿಲ್ಲಾ ಸರಾಸರಿಯಲ್ಲೂ ಸಿಗುವುದಿಲ್ಲ.

ಸ್ಥಳೀಯವಾಗಿ ನೋಡಬಯಸುವವರಿಗೆ ಕಾಗದಪತ್ರಗಳೇನೂ ಕೊರತೆಯಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಪಂಚಾಯಿತಿಗಳಲ್ಲಿ ಎರಡು ದಶಕದ ದಾಖಲೆ ಬೆಳೆದಿದೆ: ಯಾವ ತಿಂಗಳು ಯಾರು ಕೆಲಸ ಕೇಳಿದರು, ಎಷ್ಟು ದಿನ ಸಿಕ್ಕಿತು, ಕೂಲಿ ಎಷ್ಟು ತಡವಾಗಿ ಬಂತು. 2024-25ರಲ್ಲಿ ಕರ್ನಾಟಕದಲ್ಲಿ ಅದರ ದಿನಗೂಲಿ ₹349 ಇತ್ತು. ಊರಿನ ಹೊರಗಿನ ಕೂಲಿ ಅದಕ್ಕಿಂತ ಹೆಚ್ಚಿರುವಾಗಲೂ ಜನ ಪಂಚಾಯಿತಿಗೆ ಅರ್ಜಿ ಕೊಟ್ಟ ತಿಂಗಳುಗಳು ಯಾವುವೆಂದು ಒಬ್ಬ ಎಂ.ಎ. ವಿದ್ಯಾರ್ಥಿ ಕೂತು ಪಟ್ಟಿ ಮಾಡಿದರೆ, ಈ ತಾಲ್ಲೂಕುಗಳ ಖಾಲಿ ಕಾಲ ಯಾವುದೆಂದು ಯಾವ ಮಾಸಿಕ ಪ್ರಕಟಣೆಗಿಂತ ಚೆನ್ನಾಗಿ ತಿಳಿಯುತ್ತದೆ. ಸಂಘಗಳ ಬಾಕಿ, ಶಾಲೆಯ ಹಾಜರಿ ಪುಸ್ತಕ, ಒಡವೆ ಅಡವಿಡುವ ಕಚೇರಿಗಳ ಹರಾಜು ನೋಟಿಸು ಕೂಡ ಇದೇ ಬಗೆಯ ಆಕರಗಳು.

ಹತ್ತಿರದಲ್ಲೇ ಒಂದು ಅವಕಾಶವೂ ಇದೆ. 2021ರಲ್ಲಿ ಆಗಬೇಕಿದ್ದ ಜನಗಣತಿಗೆ ಈಗ 2027ರ ಮಾರ್ಚ್ 1 ಆಧಾರ ದಿನ. ಮನೆಮನೆಯ ಎಣಿಕೆ ನಡೆಯುವುದು ಅದಕ್ಕೆ ಮುಂಚಿನ ಫೆಬ್ರುವರಿಯಲ್ಲಿ. ಹಿಂದಿನ ಗಣತಿಗಳಂತೆ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಕಡಿಮೆ ದುಡಿದವರು ಅಲ್ಪಕಾಲಿಕರು ಎಂಬ ವಿಂಗಡಣೆ ಬಂದರೆ, ತಾಲ್ಲೂಕು ಮತ್ತು ಹಳ್ಳಿಯ ಮಟ್ಟದಲ್ಲೂ ಸಿಗುವ ದುಡಿಮೆಯ ಲೆಕ್ಕ ಅದು. ಆದರೆ ಫೆಬ್ರುವರಿ ಈ ಸೀಮೆಗೆ ವಿಚಿತ್ರ ತಿಂಗಳು. ಹೊಗೆಸೊಪ್ಪಿನ ಹರಾಜು ಕೊನೆಯ ಹಂತದಲ್ಲಿರುತ್ತದೆ, ಬ್ಯಾರನ್ನುಗಳು ತಣ್ಣಗಾಗಿರುತ್ತವೆ, ರಾಗಿಯ ಒಕ್ಕಣೆ ಮುಗಿದಿರುತ್ತದೆ. ಕೊಡಗಿನಲ್ಲಿ ಮಾತ್ರ ರೊಬಸ್ಟಾ ಕುಯ್ಲು ನಡೆದಿರುತ್ತದೆ. ಎಣಿಸಲು ಬಂದವರಿಗೆ ಹಾಡಿಯ ಮನೆಗಳಲ್ಲಿ ಮುದುಕರು ಸಿಗುತ್ತಾರೆ, ದುಡಿಯುವವರು ಲೈನ್‌ಮನೆಗಳಲ್ಲಿರುತ್ತಾರೆ. ಆದ್ದರಿಂದ ಎಣಿಕೆದಾರರಾಗಿ ಹೋಗುವ ಈ ಸೀಮೆಯ ಶಿಕ್ಷಕರಿಗೆ ತರಬೇತಿಯ ಹೊತ್ತಿನಲ್ಲಿ ಎರಡು ಸಂಗತಿಗಳನ್ನು ಒತ್ತಿ ಹೇಳಬೇಕಿದೆ. ಮೊದಲನೆಯದು, ಬೀಗ ಹಾಕಿದ ಹಾಡಿಯ ಮನೆಯನ್ನು ಖಾಲಿ ಮನೆ ಎಂದು ಬರೆಯುವ ಮುನ್ನ ಆ ಕುಟುಂಬ ಯಾವ ತೋಟದಲ್ಲಿದೆ ಎಂದು ಪಕ್ಕದವರಲ್ಲಿ ವಿಚಾರಿಸುವುದು. ಎರಡನೆಯದು, ವರ್ಷದ ದುಡಿಮೆಯನ್ನು ಒಟ್ಟಾಗಿ ಕೇಳದೆ, ಸಸಿಮಡಿಯಿಂದ ಹರಾಜಿನವರೆಗೆ ತಿಂಗಳು ತಿಂಗಳಾಗಿ, ಗಂಡಸಿಗೂ ಹೆಂಗಸಿಗೂ ಬೇರೆ ಬೇರೆಯಾಗಿ, ಸಾಧ್ಯವಾದರೆ ಹೆಂಗಸಿನ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು.